ಹಪ್ಪಳ ಕಾಯುವವನ ನಿದ್ದೆ

ಅವನ ಮೇಲೆ ನಾನು ರೇಗಿದಷ್ಟು ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳ ಮೇಲೂ ರೇಗಿಲ್ಲ. ಹೋದ ತಿಂಗಳು ಅವನು ತೀರಿಕೊಂಡ ಸುದ್ದಿ ಬಂದಾಗ ನಮ್ಮಲ್ಲಿ ಹಪ್ಪಳ ಲಟ್ಟಿಸುತ್ತಿದ್ದ ಜಯಮ್ಮ ಸೆರಗು ಬಾಯಿಗೆ ಹಿಡಿದು, "ದೇವರಂಥವನು ಕಣ್ರೀ" ಅಂದಳು. ನನಗೆ ಅಳುವಿನ ನಡುವೆಯೂ ಸಿಟ್ಟು ಬಂತು. ದೇವರಂಥವನಂತೆ! ಇದೇ ಜಯಮ್ಮ ಅವನ ತಲೆಯ ಮೇಲೆ ಎಷ್ಟು ಸಲ ಚೊಂಬಿನಲ್ಲಿ ನೀರು ಸುರಿದಿದ್ದಾಳೆ ಅನ್ನುವುದಕ್ಕೆ ನಾನೇ ಸಾಕ್ಷಿ. ದೇವರಾಗಿದ್ದರೆ ಅವನ ಜೊತೆ ಇಷ್ಟು ವರ್ಷ ಏಗಬೇಕಾಗಿರಲಿಲ್ಲ. ಬೆಳಗ್ಗೆ ಒಂದು ಹೂವಿಟ್ಟು ಕೈಮುಗಿದು ನಮ್ಮ ಪಾಡಿಗೆ ನಾವು ಇರಬಹುದಿತ್ತು. ಅವನು ಮನುಷ್ಯ, ಅದರಲ್ಲೂ ಹಟಮಾರಿ ಮನುಷ್ಯ. ಹಾಗಂತಲೇ ಬರೆಯುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಅವನ ಹೆಸರನ್ನು ಜನ ಮೊಟಕು ಮಾಡಿ, ರಾಗವಾಗಿ ಎಳೆದು, ಬೀದಿಯಲ್ಲಿ ಕೂಗಿ ಸಾಕಷ್ಟು ಸವೆಸಿದ್ದಾರೆ.

ಎಂಬತ್ತರ ಆಚೀಚೆಯ ಮಾತು. ರಾಜಾಜಿನಗರದ ನಮ್ಮ ಮನೆಯಲ್ಲಿ ಹಪ್ಪಳದ ಕೆಲಸ ಶುರುವಾಗಿ ಒಂದು ವರ್ಷವಾಗಿತ್ತು. ಹೆಸರಿಗೆ ಮಹಿಳಾ ಸಮಾಜದ್ದು. ಕೆಲಸಕ್ಕೆ ಆರು ಜನ ಹೆಂಗಸರು, ಉಸ್ತುವಾರಿಗೆ ನಾನು. ಲಟ್ಟಿಸುವುದು ಕೆಳಗೆ ನಡುಮನೆಯಲ್ಲಿ, ಒಣಗಿಸುವುದು ಮೇಲೆ ತಾರಸಿಯಲ್ಲಿ. ಉದ್ದಿನ ಹಪ್ಪಳ ಲಟ್ಟಿಸುವುದು ಯಾರಿಗಾದರೂ ಬರುತ್ತದೆ. ಒಣಗಿಸುವುದು ಬರುವುದಿಲ್ಲ. ಬಿಸಿಲು ಜಾಸ್ತಿಯಾದರೆ ಅಂಚು ಮುರುಟಿಕೊಂಡು ಹಪ್ಪಳ ದೋಣಿಯ ಹಾಗಾಗುತ್ತದೆ, ಡಬ್ಬಕ್ಕೆ ತುಂಬುವಾಗ ಪಟಪಟ ಒಡೆಯುತ್ತದೆ. ಕಮ್ಮಿಯಾದರೆ ನಾಲ್ಕನೇ ದಿನಕ್ಕೆ ಬೂಷ್ಟು. ಗಳಿಗೆಗೊಂದು ಸಲ ಮಗುಚಬೇಕು, ಚಾಪೆಯನ್ನು ನೆರಳಿಗೆ ಎಳೆಯಬೇಕು, ಮತ್ತೆ ಬಿಸಿಲಿಗೆ ತಳ್ಳಬೇಕು, ಕಾಗೆ ಅಳಿಲು ಓಡಿಸಬೇಕು, ಮೋಡದ ಮೇಲೆ ಒಂದು ಕಣ್ಣಿಟ್ಟಿರಬೇಕು. ಇಡೀ ದಿನ ಎಚ್ಚರವಾಗಿರುವುದೇ ಆ ಕೆಲಸ. ಲಟ್ಟಣಿಗೆ ಬಿಟ್ಟು, ಹರಟೆ ಬಿಟ್ಟು, ಆ ಬಿಸಿಲಿಗೆ ಹೋಗಿ ಕೂರುವುದು ನಮ್ಮಲ್ಲಿ ಯಾರಿಗೂ ಬೇಕಿರಲಿಲ್ಲ.

ಎರಡು ಕ್ರಾಸ್ ಆಚೆಯಿಂದ ಅವನ ತಾಯಿ ಒಂದು ದಿನ ಅವನ ಕೈಹಿಡಿದುಕೊಂಡು ಬಂದರು. ಗಂಡ ಹೋದ ಮೇಲೆ ಬರುವ ಪೆನ್ಷನ್ನಿನಲ್ಲಿ ಮಗನನ್ನು ಇಟ್ಟುಕೊಂಡಿದ್ದ ಹೆಂಗಸು. ಅವನಿಗೆ ಆಗಲೇ ಇಪ್ಪತ್ತೆಂಟು ದಾಟಿತ್ತು. ಗಿಡ್ಡ ಆಳು, ಮೋಟು ಕತ್ತು, ಚಿಕ್ಕ ಕಿವಿ, ಓರೆಯಾಗಿ ಮೇಲಕ್ಕೆ ಎಳೆದಂಥ ಕಣ್ಣು, ಯಾವಾಗಲೂ ತುಟಿಯ ಮೇಲೆ ಒಂದಿಷ್ಟು ನಾಲಿಗೆ. ಬುದ್ಧಿಮಾಂದ್ಯ ಅಂತ ಒಂದೇ ಮಾತಿನಲ್ಲಿ ಎಲ್ಲರೂ ಮುಗಿಸುತ್ತಿದ್ದ ಕಾಲ. ಡೌನ್ ಸಿಂಡ್ರೋಮ್ ಅನ್ನುವ ಹೆಸರು ನಾನು ನೋಡಿದ್ದು ಐದಾರು ವರ್ಷದ ಮೇಲೆ, ಆಸ್ಪತ್ರೆಯ ಚೀಟಿಯಲ್ಲಿ.

"ಸುಮ್ನೆ ಒಂದು ಮೂಲೇಲಿ ಕೂರಿಸ್ಕೊಳ್ಳಿ, ನಾಲ್ಕು ಜನರ ಮುಖ ನೋಡ್ಲಿ. ಸಂಬಳ ಗಿಂಬಳ ಏನೂ ಬೇಡ" ಅಂದರು ತಾಯಿ.

"ಬೇಕು" ಅಂದ ಅವನು. ನನ್ನ ಮುಂದೆ ಅವನು ಆಡಿದ ಮೊದಲ ಮಾತೇ ಅದು.

ಕೊಟ್ಟೆವು. ಕೊಟ್ಟದ್ದಕ್ಕೆ ಮೊದಲ ಐದು ವರ್ಷ ಒಂದು ದಿನವೂ ಬೇಸರಪಡಲಿಲ್ಲ. ಬೆಳಗ್ಗೆ ಎಂಟೂವರೆಗೆ ತಾಯಿ ಗೇಟಿನವರೆಗೆ ಬಿಟ್ಟು ಹೋಗುತ್ತಿದ್ದರು. ಚಪ್ಪಲಿ ಎರಡನ್ನೂ ಗೋಡೆಗೆ ಮುಖ ಮಾಡಿ ಜೋಡಿಸಿಡಬೇಕು. ಕಾಲು ತೊಳೆಯಬೇಕು, ತೊಳೆದ ಕಾಲು ಒರೆಸಿಕೊಳ್ಳಬೇಕು, ಒರೆಸಿದ ಬಟ್ಟೆ ಹಿಂಡಿ ಹರವಬೇಕು. ಆಮೇಲೆ ನಡುಮನೆಯಲ್ಲಿ ಒಬ್ಬೊಬ್ಬರ ಮುಂದೆಯೂ ನಿಂತು, "ಬಂದೆ" ಅನ್ನಬೇಕು. ಆರು ಜನಕ್ಕೂ ಆರು ಸಲ. ಯಾರಾದರೂ ತಲೆಯೆತ್ತದಿದ್ದರೆ ಎತ್ತುವವರೆಗೆ ಅಲ್ಲೇ ನಿಂತಿರುತ್ತಿದ್ದ. "ಬಾರಪ್ಪ ಕಲೆಕ್ಟರೇ, ನೀನು ಬರದೆ ಸೂರ್ಯ ಹುಟ್ಟಿರ್ಲಿಲ್ಲ" ಅಂತ ಜಯಮ್ಮ ದಿನಾ ಹೇಳುತ್ತಿದ್ದಳು. ಅವನು ದಿನಾ ನಗುತ್ತಿದ್ದ.

ಹಪ್ಪಳ ಒಣಗಿದೆಯೋ ಇಲ್ಲವೋ ಅಂತ ನಾವೆಲ್ಲ ಬೆರಳಿನಲ್ಲಿ ಬಗ್ಗಿಸಿ ನೋಡುತ್ತೇವೆ. ಅವನು ಕೆನ್ನೆಗೆ ಇಟ್ಟುಕೊಂಡು ನೋಡುತ್ತಿದ್ದ. ಕೆನ್ನೆಗೆ ತಣ್ಣಗೆ ತಗುಲಿದರೆ ಒಳಗೆ ಇನ್ನೂ ಪಸೆ ಇದೆ ಅಂತ. ಆಗ, "ಇನ್ನೂ ಇಲ್ಲ." ಇದು ಅವನ ತೀರ್ಪು, ಇದರ ಮೇಲೆ ಅಪೀಲಿಲ್ಲ. ಒಂದು ಸಲ ಮದುವೆ ಮನೆಯವರು ಆರ್ಡರು ಕೊಟ್ಟು ಗೇಟಿನಲ್ಲಿ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಇವನು ಚಾಪೆಯ ಮೇಲೆ ಕಾಲು ಚಾಚಿ ಕೂತುಬಿಟ್ಟ. "ಇನ್ನೂ ಇಲ್ಲ." ನಾನು ಬೈದೆ, ಬೇಡಿಕೊಂಡೆ, ಕೊನೆಗೆ ಅವನನ್ನು ಚಾಪೆಯ ಸಮೇತ ಪಕ್ಕಕ್ಕೆ ಎಳೆದು ಹಪ್ಪಳ ಬಾಚಿ ಕಳಿಸಿದೆ. ಮದುವೆ ದಿನ ಡಬ್ಬ ತೆಗೆದರೆ ಎಲ್ಲಾ ಹಸಿರು ಕೂದಲು. ಬೀಗರ ಮುಂದೆ ಮರ್ಯಾದೆ ಹೋಯಿತು ಅಂತ ಆ ಮನೆಯಾಕೆ ನಮ್ಮ ಗೇಟಿನಲ್ಲಿ ನಿಂತು ಕೂಗಾಡುವಾಗ ಇವನು ಮೆಟ್ಟಿಲ ಮೇಲಿಂದ ನನ್ನನ್ನೇ ನೋಡುತ್ತಿದ್ದ. ಮಾತಾಡಿದ್ದರೆ ವಾಸಿಯಿತ್ತು.

ಹತ್ತು ಗಂಟೆಗೆ ಎಣ್ಣೆಯಲ್ಲಿ ಹೊರಳಿಸಿದ ಹಸಿ ಹಿಟ್ಟಿನ ಉಂಡೆ ಒಂದು ಅವನಿಗೆ ಸಲ್ಲಬೇಕು. ಉಂಡೆ ಹಿಂದಿನ ದಿನದ್ದಕ್ಕಿಂತ ಚಿಕ್ಕದಾಗಿದ್ದರೆ ತಿನ್ನದೆ ಅಂಗೈಯಲ್ಲೇ ಹಿಡಿದುಕೊಂಡು ನಿಲ್ಲುತ್ತಿದ್ದ. ಆಕಾಶದ ಮೂಲೆಯಲ್ಲಿ ಕಪ್ಪು ಕಂಡರೆ ಮೆಟ್ಟಿಲ ಮೇಲಿಂದ, "ಮೋಡಾ!" ಅಂತ ಒಂದು ಕೂಗು. ನಾವು ಕೈಯಲ್ಲಿದ್ದದ್ದು ಕೈಯಲ್ಲೇ ಬಿಟ್ಟು ಓಡಬೇಕು. ಐದು ವರ್ಷದಲ್ಲಿ ಮಳೆಗೆ ಒಂದು ಹಪ್ಪಳ ಸಿಕ್ಕಲಿಲ್ಲ. ನನಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ; ಮೂವರನ್ನೂ ಒಟ್ಟು ಸೇರಿಸಿದರೂ ಇಷ್ಟು ನಂಬಿಕೆಯಿಂದ ಒಂದು ಕೆಲಸ ಒಪ್ಪಿಸುವ ಹಾಗಿರಲಿಲ್ಲ.

ಆಮೇಲೆ ನಿದ್ದೆ ಬಂತು.

ಯಾವ ದಿನ ಅಂತ ಹೇಳಲಾರೆ. ಮೊದಲು ಮಧ್ಯಾಹ್ನ ಊಟವಾದ ಮೇಲೆ ಒಂದಿಷ್ಟು ತೂಕಡಿಕೆ, ಬಿಸಿಲಲ್ಲವಾ ಅಂದುಕೊಂಡೆವು. ಆಮೇಲೆ ಬೆಳಗ್ಗೆ ಹನ್ನೊಂದಕ್ಕೇ. ಆಮೇಲೆ ಬಂದವನು ಚಪ್ಪಲಿ ಬಿಡುತ್ತಾ ಗೋಡೆಗೆ ಒರಗಿ, ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ, ಹಾಗೇ ನಿದ್ದೆ. ಮೇಲೆ ಹೋದರೆ ಕಾಗೆಗಳು ಚಾಪೆಯ ಮೇಲೆ ಮದುವೆ ಊಟಕ್ಕೆ ಕೂತ ಹಾಗೆ ಸಾಲಾಗಿ ಕೂತಿರುತ್ತಿದ್ದವು. ಇವನು ಅವುಗಳ ಪಕ್ಕದಲ್ಲೇ ಬಾಯಿ ತೆರೆದುಕೊಂಡು ಗೊರಕೆ.

"ಏಳೋ! ಕಾಗೆ ನಿನ್ನ ಮೂಗು ಕಿತ್ಕೊಂಡು ಹೋಗುತ್ತೆ!" ಅಂತ ಜಯಮ್ಮ ಚೊಂಬಿನ ನೀರು ಹೊಯ್ಯುತ್ತಿದ್ದಳು. ಎದ್ದು ಎರಡು ನಿಮಿಷ ಬೆಪ್ಪಾಗಿ ನೋಡುತ್ತಿದ್ದ. ಮತ್ತೆ ತೂಗುತ್ತಿದ್ದ.

ನಾನು ಮಾಡದ ಉಪಾಯವಿಲ್ಲ. ಗಟ್ಟಿ ಕಾಫಿ ಕೊಟ್ಟೆ, ಕುಡಿದು ಮಲಗಿದ. ಕೂರಲು ಬಿಡದೆ ನಿಲ್ಲಿಸಿದೆ. ನೀರಿನ ಟ್ಯಾಂಕಿಗೆ ಒರಗಿ ನಿಂತೇ ಮಲಗಿದ. ಕೈಗೊಂದು ಪೂಜೆ ಗಂಟೆ ಕೊಟ್ಟು ಅಲ್ಲಾಡಿಸುತ್ತಿರು ಅಂದೆ. ಕಾಲು ಗಂಟೆ ಬೀದಿಯವರಿಗೆಲ್ಲ ಮಂಗಳಾರತಿಯಾಯಿತು, ಆಮೇಲೆ ನಿಶ್ಶಬ್ದ. ನಿದ್ದೆಯೊಂದೇ ಆಗಿದ್ದರೆ ಹೇಗೋ ಸಹಿಸುತ್ತಿದ್ದೆವು. ಮನುಷ್ಯನೇ ಬೇರೆಯಾಗುತ್ತಾ ಬಂದ. ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೆ ಅರ್ಧ ಗಂಟೆ ಬೇಕಂತೆ. ಹಲ್ಲುಜ್ಜುತ್ತಾ ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ನಿಂತಿರುತ್ತಾನಂತೆ. ಆರು ಸಲ "ಬಂದೆ" ಅನ್ನುತ್ತಿದ್ದವನು ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತತೊಡಗಿದ. ಒಂದು ದಿನ ಜಯಮ್ಮ ಅವನ ಕೆನ್ನೆ ಹಿಂಡಿ ಎಬ್ಬಿಸಿದ್ದಕ್ಕೆ ಅವಳ ಕೈಗೆ ಪಟಾರನೆ ಹೊಡೆದ. ಅವಳಿಗೆ ನೋವಿಗಿಂತ ಅಚ್ಚರಿ. "ನಂಗೆ ಹೊಡೆದ್ನಲ್ರೀ! ನಂಗೆ!" ಅಂತ ಸಾಯಂಕಾಲದವರೆಗೆ ಅದನ್ನೇ ಹೇಳಿದಳು.

ತಾಯಿಯನ್ನು ಕೇಳಿದರೆ ಅವರದ್ದು ಬೇರೆಯೇ ರಾಗ.

"ರಾತ್ರಿ ಎಂಟಕ್ಕೆ ಮಲಗಿದ್ರೆ ಬೆಳಗ್ಗೆ ಆರಕ್ಕೇ ಕಣ್ರೀ. ಹತ್ತು ಗಂಟೆ! ಗೊರಕೆ ಅಂದ್ರೆ ಅಂಥಿಂಥ ಗೊರಕೇನಾ, ಮೂರನೇ ಮನೆಗೆ ಕೇಳ್ಸುತ್ತೆ. ಅಷ್ಟು ಸುಖನಿದ್ದೆ. ಆದ್ರೂ ಡಾಕ್ಟ್ರ ಹತ್ರ ಒಂದು ಟಾನಿಕ್ ಇಸ್ಕೊಂಡು ಬಂದಿದೀನಿ, ಇನ್ನೂ ಚೆನ್ನಾಗಿ ನಿದ್ದೆ ಬರ್ಲಿ, ಹಗಲು ಗೆಲುವಾಗಿರ್ಲಿ ಅಂತ."

ಹತ್ತು ಗಂಟೆ ಮಲಗಿ, ಮತ್ತೆ ಬಂದು ನಮ್ಮ ತಾರಸಿಯಲ್ಲಿ ನಾಲ್ಕು ಗಂಟೆ! ನನಗೆ ಮೈಯೆಲ್ಲ ಉರಿಯಿತು. ಐದು ವರ್ಷ ತಲೆಯ ಮೇಲಿಟ್ಟುಕೊಂಡದ್ದಕ್ಕೆ ಸೋಮಾರಿಯಾದ ಅಂತ ತೀರ್ಮಾನ ಮಾಡಿದೆ. ನಾನೊಬ್ಬಳೇ ಅಲ್ಲ, ಎಲ್ಲರೂ ಮಾಡಿದರು.

ಬೇಸಿಗೆಯ ನಡುವೆ ಒಂದು ಮಧ್ಯಾಹ್ನ ಮೋಡ ಕವಿದದ್ದು ಕೆಳಗೆ ಕೂತ ನಮಗೆ ಗೊತ್ತೇ ಆಗಲಿಲ್ಲ. ಕೂಗು ಬರಲಿಲ್ಲವಲ್ಲ! ದಪ್ಪ ಹನಿ ಕಿಟಕಿಯ ಶೀಟಿನ ಮೇಲೆ ಬಿದ್ದಾಗಲೇ ಓಡಿದ್ದು. ಮೂರು ದಿನದ ಕೆಲಸ, ಏಳು ಚಾಪೆಯ ಹಪ್ಪಳ, ಅಂಬಲಿಯಾಗಿ ಮೋರಿಗೆ ಹರಿಯುತ್ತಿತ್ತು. ಅದರ ನಡುವೆ ಅವನು ತೊಯ್ದು ತೊಪ್ಪೆಯಾಗಿ, ಮಲಗಿಯೇ ಇದ್ದ. ಮಳೆಯಲ್ಲಿ ಮಲಗಿರುವ ಮನುಷ್ಯನನ್ನು ನೋಡಿ ನನಗೆ ಗಾಬರಿಯಾಗಬೇಕಿತ್ತು. ಆಗಲಿಲ್ಲ. ರಟ್ಟೆ ಹಿಡಿದು ಎತ್ತಿ ನಿಲ್ಲಿಸಿ, "ನಾಳೆಯಿಂದ ಬರಬೇಡ" ಅಂದೆ.

ಆ ಮಾತು ಆಡಿದವಳು ನಾನು. ಅದನ್ನು ಇಲ್ಲಿ ಬಿಟ್ಟು ಬರೆದರೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಎರಡನೇ ದಿನಕ್ಕೆ ಅವನ ಅಣ್ಣ ಬಂದರು. ವಿಜಯನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಹೆಂಡತಿ, ಮೂರು ಮಕ್ಕಳು, ಆಫೀಸಿನಲ್ಲಿ ಗುಮಾಸ್ತರ ಕೆಲಸ. ಕೆಟ್ಟವರಲ್ಲ. ಸುಸ್ತಾದವರು.

"ಅಮ್ಮನಿಗೆ ಎಪ್ಪತ್ತಾಯ್ತು. ನೀವು ಹಗಲು ನೋಡಿಕೊಳ್ತಿದ್ರಿ ಅಂತ ಹೇಗೋ ನಡೀತಿತ್ತು. ಇಡೀ ದಿನ ಅವನನ್ನ ಎಬ್ಬಿಸೋದು, ತೊಳೆಯೋದು, ತಿನ್ನಿಸೋದು ಅಮ್ಮನ ಕೈಲಿ ಆಗಲ್ಲ. ತುಮಕೂರಿನ ಆಚೆ ಒಂದು ಆಶ್ರಮ ಇದೆ, ಇಂಥವರನ್ನ ಇಟ್ಟುಕೊಳ್ತಾರೆ. ಫಾರಂ ತಂದಿದೀನಿ. ಎರಡನೇ ಶನಿವಾರ ನಂಗೆ ರಜ, ಅವತ್ತು ಹನ್ನೊಂದರ ಬಸ್ಸಿಗೆ ಕರ್ಕೊಂಡು ಹೋಗಿಬಿಡ್ತೀನಿ. ಅಷ್ಟರಲ್ಲಿ ನೀವು ಮತ್ತೆ ಇಟ್ಟುಕೊಳ್ಳೋ ಹಾಗಿದ್ರೆ ಹೇಳಿ ಮೇಡಂ. ಇಲ್ಲಾಂದ್ರೆ ನಂಗೂ ಬೇರೆ ದಾರಿ ಇಲ್ಲ."

"ಅವನಿಗೆ ಹೇಳಿದೀರಾ?" ಅಂದೆ.

"ಏನು ಹೇಳೋದು? ಅವನಿಗೇನು ಗೊತ್ತಾಗುತ್ತೆ?"

ಗೊತ್ತಾಗದೇ ಏನು! ಬರಬೇಡ ಅಂದಿದ್ದರೂ ಅವನು ಮಾರನೇ ಬೆಳಗ್ಗೆಯೂ ಬಂದಿದ್ದ. ಗೇಟಿನ ಹೊರಗೆ ತಾಯಿಯ ಪಕ್ಕ ನಿಂತು, "ಕೆಲಸ ಮಾಡ್ತೀನಿ. ಮಲಗಲ್ಲ" ಅಂದ. ಹೇಳುತ್ತಾ ಹೇಳುತ್ತಾ ಗೇಟಿನ ಸರಳಿಗೆ ಹಣೆ ಒರಗಿಸಿದ, ಕಣ್ಣು ಮುಚ್ಚಿಕೊಂಡಿತು. ಅಳಬೇಕೋ ನಗಬೇಕೋ ತಿಳಿಯದೆ ನಾನು ಗೇಟು ತೆಗೆದೆ; ಕೆಲಸಕ್ಕಲ್ಲ, ಜಗಲಿಯಲ್ಲಿ ಕೂತಿರಲಿ ಅಂತ.

ನಮ್ಮ ಮನೆಯವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಮಷಿನ್ ಮೇಲೆ. ತಿಂಗಳಿಗೊಂದು ವಾರ ರಾತ್ರಿ ಪಾಳಿ. ಆ ವಾರ ಹಗಲು ಒಳಕೋಣೆಯಲ್ಲಿ ಕರ್ಟನ್ ಎಳೆದು ಮಲಗುತ್ತಾರೆ, ನಮ್ಮ ಲಟ್ಟಣಿಗೆ ಸದ್ದಿಗೆ ಶಾಪ ಹಾಕುತ್ತಾರೆ. ಅವತ್ತು ಕಾಫಿಗೆ ಎದ್ದು ಬಂದವರು, ಜಗಲಿಯಲ್ಲಿ ತೂಕಡಿಸುತ್ತಿದ್ದ ಇವನ ಮುಂದೆ ಲೋಟ ಹಿಡಿದು ಸುಮಾರು ಹೊತ್ತು ನಿಂತರು.

"ಇವನ ಕಣ್ಣು ನೋಡಿದೀಯಾ?"

"ತೆರೆದಿದ್ರೆ ತಾನೇ ನೋಡೋಕೆ."

"ತಮಾಷೆ ಅಲ್ಲ ಕಣೇ. ಥರ್ಡ್ ಶಿಫ್ಟ್ ಮುಗಿಸಿ ಹೋಗಿ, ಮನೇಲಿ ಮಕ್ಕಳ ಗಲಾಟೆಗೆ ಹಗಲೂ ಮಲಗೋಕಾಗದೆ ಮತ್ತೆ ಡ್ಯೂಟಿಗೆ ಬರ್ತಾರಲ್ಲ, ಅವರ ಕಣ್ಣು ಹೀಗೇ ಇರುತ್ತೆ. ಸಿಡುಕು, ಕೈ ನಡುಗೋದು, ಮಾಡಿದ ಕೆಲಸ ಮರೆಯೋದು, ಎಲ್ಲಾ ಇದೇ. ಇವನು ರಾತ್ರಿ ನಿದ್ದೆ ಮಾಡ್ತಿಲ್ಲ."

"ಹತ್ತು ಗಂಟೆ ಮಲಗ್ತಾನೆ ರೀ! ಗೊರಕೆ ಮೂರನೇ ಮನೆಗೆ ಕೇಳುತ್ತಂತೆ!"

"ಮಲಗೋದು ಬೇರೆ, ನಿದ್ದೆ ಮಾಡೋದು ಬೇರೆ. ಹಗಲು ಮಲಗೋನ್ನ ಕೇಳು, ಹೇಳ್ತೀನಿ."

ಇವರ ಮಾತು ಸುಳ್ಳು ಮಾಡಿ ತೋರಿಸಬೇಕು ಅಂತಲೇ ನಾನು ಮಧ್ಯಾಹ್ನ ಊಟವಾದ ಮೇಲೆ ಸಾಮಾನಿನ ಕೋಣೆಯಲ್ಲಿ ಚಾಪೆ ಹಾಸಿ, ದಿಂಬು ಕೊಟ್ಟು, "ಮಲಕ್ಕೋ, ಎಷ್ಟು ಮಲಗ್ತೀಯೋ ಮಲಕ್ಕೋ" ಅಂತ ಅವನನ್ನು ಅಂಗಾತ ಮಲಗಿಸಿದೆ. ಪಕ್ಕದಲ್ಲೇ ಮಣೆ ಇಟ್ಟುಕೊಂಡು ಲಟ್ಟಿಸುತ್ತಾ ಕೂತೆ.

ತಲೆ ಇಟ್ಟ ತಕ್ಷಣ ಗೊರಕೆ. ಮರ ಕುಯ್ಯುವ ಮಿಲ್ಲಿನ ಸದ್ದು. ನಾನು ಒಳಗೊಳಗೇ ಗೆದ್ದೆ. ಆಮೇಲೆ ಆ ಸದ್ದು ತಟಕ್ಕನೆ ನಿಂತಿತು. ನಾನು ಕೈಯಲ್ಲಿದ್ದ ಹಪ್ಪಳ ಮುಗಿಸಿದೆ. ಇನ್ನೊಂದು ಉಂಡೆ ತೆಗೆದುಕೊಂಡು ಅರ್ಧ ಲಟ್ಟಿಸಿದೆ. ಇನ್ನೂ ಸದ್ದಿಲ್ಲ. ತಿರುಗಿ ನೋಡಿದರೆ ಎದೆ ಏಳುತ್ತಿದೆ, ಹೊಟ್ಟೆ ಎಳೆಯುತ್ತಿದೆ, ಗಾಳಿ ಮಾತ್ರ ಒಳಗೆ ಹೋಗುತ್ತಿಲ್ಲ. ತುಟಿ ನೇರಳೆ ಹಣ್ಣು ತಿಂದವನ ಹಾಗೆ. ನಾನು ಕೂಗಬೇಕು ಅನ್ನುವಷ್ಟರಲ್ಲಿ ಮೈಯೆಲ್ಲ ಒಂದು ಸಲ ಜಾಡಿಸಿ, ಮುಳುಗಿದವನು ನೀರಿನಿಂದ ಮೇಲೆ ಬಂದ ಹಾಗೆ ಹಾ ಅಂತ ಉಸಿರು ಎಳೆದುಕೊಂಡ. ಕಣ್ಣು ತೆರೆಯಲಿಲ್ಲ. ಮತ್ತೆ ಗೊರಕೆ. ಮತ್ತೆ ಹತ್ತು ಹನ್ನೆರಡು ಗೊರಕೆಗೆ ಅದೇ ನಿಲುಗಡೆ, ಅದೇ ಜಾಡಿಸುವುದು. ನಾಲ್ಕನೆಯ ಸಲಕ್ಕೆ ನಿದ್ದೆಗಣ್ಣಿನಲ್ಲೇ ಎದ್ದು ಚಕ್ಕಳಮಕ್ಕಳ ಹಾಕಿ ಕೂತ. ಸೊಂಟದಿಂದ ಮುಂದಕ್ಕೆ ಬಗ್ಗಿ, ಎದೆಯನ್ನು ತೊಡೆಯ ಮೇಲಿಟ್ಟು, ಹಣೆಯನ್ನು ಚಾಪೆಗೆ ತಾಗಿಸಿ, ಪಂಚೆ ಮಡಿಸಿದ ಹಾಗೆ ಎರಡಾಗಿ ಮಡಿಸಿಕೊಂಡ. ಎಷ್ಟು ಮೆತ್ತಗಿನ ಮೈಯೋ! ಗೊರಕೆ ನಿಂತಿತು. ಈಗ ನಿಂತದ್ದು ಬೇರೆ ಥರ. ಬೆನ್ನು ನಿಧಾನವಾಗಿ ಏಳುತ್ತಿತ್ತು, ಇಳಿಯುತ್ತಿತ್ತು.

ನೋಡಿ ನನಗೇನಾಗಬೇಕು? ಅಯ್ಯೋ, ಕತ್ತು ಉಳುಕುತ್ತೆ ಅನ್ನಿಸಿತು. ಎದ್ದು ಹೋಗಿ ಭುಜ ಹಿಡಿದು ಮೆಲ್ಲಗೆ ಮತ್ತೆ ಅಂಗಾತ ಮಲಗಿಸಿದೆ. ಮಲಗಿಸಿದ್ದೇ ತಡ, ಮಿಲ್ಲು ಶುರು, ಮಿಲ್ಲು ಬಂದ್, ತುಟಿ ನೇರಳೆ.

"ಬಿಡೇ ಅವನ್ನ!" ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರು ಕಿರುಚಿದರು. "ಪಾಪ, ಉಸಿರಾಡೋಕೆ ಎದ್ದು ಕೂತ್ರೆ ಅದಕ್ಕೂ ಬಿಡಲ್ವಲ್ಲ ನೀನು!"

ಅವತ್ತು ಅವನು ಹಾಗೇ ಮಡಿಸಿಕೊಂಡು ಎರಡು ಗಂಟೆ ಮಲಗಿದ. ಎದ್ದು ಬಂದು ನಡುಮನೆಯಲ್ಲಿ ಜಯಮ್ಮನ ಮುಂದೆ ನಿಂತು, ಅವಳ ಕೈ ತಿರುಗಿಸಿ ನೋಡಿ, "ನೋವಾ?" ಅಂದ. ಹೊಡೆದು ಮೂರು ವಾರವಾಗಿತ್ತು.

ಸಾಯಂಕಾಲ ಕರೆದುಕೊಂಡು ಹೋಗಲು ಬಂದ ತಾಯಿಯನ್ನು ಕೇಳಿದೆ. ರಾತ್ರಿ ಹೀಗೆ ಎದ್ದು ಕೂರ್ತಾನಾ ಅಂತ.

"ಅದೊಂದು ಕೆಟ್ಟ ಚಾಳಿ ಕಣ್ರೀ, ಒಂದೆರಡು ವರ್ಷದಿಂದ" ಅಂದರು. "ನೋಡೋಕಾಗಲ್ಲ, ಯಾರೋ ಹೊಡೆದು ಮುರಿದು ಹಾಕಿದ ಹಾಗೆ ಬಿದ್ದಿರ್ತಾನೆ. ನಾನು ಪಕ್ಕದಲ್ಲೇ ಮಲಗ್ತೀನಿ. ಎದ್ದ ತಕ್ಷಣ ಹಿಡಿದು ಮಲಗಿಸ್ತೀನಿ. ಮತ್ತೆ ಏಳ್ತಾನೆ, ಮತ್ತೆ ಮಲಗಿಸ್ತೀನಿ. ಒಂದೊಂದು ರಾತ್ರಿ ಇಪ್ಪತ್ತು ಸಲ. ಒಂದು ಸಲಾನೂ ಬಿಟ್ಟಿಲ್ಲ, ದೇವರಾಣೆ. ನಾನು ಹೋದ ಮೇಲೆ ಯಾರು ಹೀಗೆ ನೋಡ್ಕೊಳ್ತಾರೆ ಹೇಳಿ."

ಅವರ ಕಣ್ಣನ್ನು ಆಗ ನೋಡಿದೆ. ಅವೂ ಥರ್ಡ್ ಶಿಫ್ಟಿನವೇ.

ಇದನ್ನು ಹೇಗೆ ಹೇಳುವುದು? ಎರಡು ವರ್ಷ ರಾತ್ರಿ ನಿದ್ದೆ ಕೆಟ್ಟು ಮಗನ ನಿದ್ದೆ ಕೆಡಿಸಿದಿರಿ ಅಂತಲಾ? ಮಂಗಳವಾರ ಅವರಿಬ್ಬರನ್ನೂ ಎಳೆದುಕೊಂಡು ದೊಡ್ಡಾಸ್ಪತ್ರೆಗೆ ಹೋದೆ. ಬೆಳಗ್ಗೆ ಏಳಕ್ಕೆ ನಿಂತ ಕ್ಯೂ ಹನ್ನೊಂದೂವರೆಗೆ ಮುಗಿಯಿತು. ಅವನಿಗೇನು, ಬೆಂಚಿನ ಮೇಲೆ ಮಡಿಸಿಕೊಂಡು ಮಲಗಿದ್ದ. ಕಿವಿ ಮೂಗು ಗಂಟಲಿನ ಡಾಕ್ಟರು ಚಿಕ್ಕ ವಯಸ್ಸಿನವರು, ಕೇಳುವ ತಾಳ್ಮೆ ಇದ್ದವರು. ಬಾಯಿ ತೆರೆಸಿ ಟಾರ್ಚು ಬಿಟ್ಟರು.

"ನಾಲಿಗೆ ದಪ್ಪ, ಗಂಟಲು ಕಿರಿದು, ಟಾನ್ಸಿಲ್ ಬೇರೆ ಊದಿದೆ. ಅಂಗಾತ ಮಲಗಿದ್ರೆ ದಾರಿ ಮುಚ್ಚಿಕೊಳ್ಳುತ್ತೆ. ಉಸಿರು ಕಟ್ಟಿದ ಪ್ರತಿ ಸಲಾನೂ ಮಿದುಳು ಎಬ್ಬಿಸುತ್ತೆ, ಇವರಿಗೆ ಗೊತ್ತೇ ಆಗಲ್ಲ. ಡೌನ್ ಸಿಂಡ್ರೋಮ್ ಇರೋರಲ್ಲಿ ಇದು ಇರುತ್ತೆ. ಬುದ್ಧಿ ಕಮ್ಮಿಯಾಗ್ತಿದೆ ಅಂತ ಸುಮ್ನಾಗಿಬಿಡ್ತಾರೆ ಜನ. ಇವರ ಹೃದಯ ಸ್ವಲ್ಪ ವೀಕು, ಆಪರೇಷನ್ ಬಗ್ಗೆ ಯೋಚನೆ ಮಾಡಬೇಕು. ಥೈರಾಯ್ಡಿಗೆ ರಕ್ತ ಕೊಟ್ಟು ಹೋಗಿ. ಅಲ್ಲೀವರೆಗೆ ಮಂಚದ ತಲೆ ಕಡೆ ಇಟ್ಟಿಗೆ ಇಟ್ಟು ಎತ್ತರ ಮಾಡಿ, ಮಗ್ಗುಲಾಗಿ ಮಲಗಿಸಿ. ಕೂತು ಬಗ್ಗಿದ್ರೆ ಹಾಗೇ ಬಿಡಿ." ಟಾನಿಕ್ಕಿನ ಸೀಸೆ ಮೂಸಿ ನೋಡಿ, "ನಿದ್ದೆ ಬರಿಸೋ ಔಷಧಿ, ಗಂಟಲು ಇನ್ನೂ ಸಡಿಲ ಮಾಡುತ್ತೆ. ಇದು ಇವತ್ತೇ ಮೋರಿಗೆ" ಅಂದರು.

ತಾಯಿ ಎಲ್ಲದಕ್ಕೂ ತಲೆಯಾಡಿಸಿದರು. ಬುಧವಾರ ಬೆಳಗ್ಗೆ ಅವನು ಮತ್ತೆ ಗೋಡೆಗೆ ಒರಗಿ ಮಲಗಿದ.

"ರಾತ್ರಿ ಮಲಗಿಸಿದ್ರಾ?" ಅಂದೆ.

"ಕೈ ತಾನಾಗೇ ಹೋಗುತ್ತೆ ಕಣ್ರೀ..."

ಗುರುವಾರವೂ ಅದೇ. ಇಟ್ಟಿಗೆ ಇಟ್ಟಿದ್ದಾರೆ, ಟಾನಿಕ್ ಚೆಲ್ಲಿದ್ದಾರೆ, ಕೈ ಮಾತ್ರ ತಡೆಯುವುದಿಲ್ಲ! ಎಪ್ಪತ್ತು ವರ್ಷದ ಹೆಂಗಸಿಗೆ ನಾನು ಬಾಯಿಗೆ ಬಂದ ಹಾಗೆ ಅಂದೆ. "ಶನಿವಾರ ಹನ್ನೊಂದಕ್ಕೆ ಬಸ್ಸು ಇದೆ, ನೆನಪಿದೆ ತಾನೇ? ನೀವು ಅವನನ್ನ ಮಲಗಿಸಿ ಮಲಗಿಸಿ ತುಮಕೂರು ದಾಟಿಸ್ತಿದೀರ!"

ಅವರು ಅತ್ತರು. "ಮಗು ಮುರುಕೊಂಡು ಬಿದ್ದಿರೋದನ್ನ ನೋಡ್ತಾ ಹೆತ್ತವಳು ಹೇಗ್ರೀ ಸುಮ್ನಿರ್ಲಿ?"

"ನೋಡಬೇಡಿ ಮತ್ತೆ. ಅಡುಗೆಮನೇಲಿ ಮಲಕ್ಕೊಳ್ಳಿ. ಬಾಗಿಲು ಮುಚ್ಚಿಕೊಳ್ಳಿ. ಒಂದು ರಾತ್ರಿ."

ಶುಕ್ರವಾರ ಸಾಯಂಕಾಲ ನಾನೇ ಹೋಗಿ ಅವರ ಹಾಸಿಗೆಯನ್ನು ಅಡುಗೆಮನೆಗೆ ಎಳೆದು ಹಾಕಿ ಬಂದೆ.

ಶನಿವಾರ ಎಂಟೂವರೆಗೆ ಗೇಟು ಕಿರ್ ಅಂದಿತು. ನೋಡಿದರೆ ಅವನು ಒಬ್ಬನೇ. ಐದಾರು ವರ್ಷದಲ್ಲಿ ಒಬ್ಬನೇ ಬಂದದ್ದು ಅದೇ ಮೊದಲು. ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದ. ಆರು ಜನರ ಮುಂದೆಯೂ ನಿಂತ. ಒಂದೇ ರಾತ್ರಿಗೆ ಎಲ್ಲ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಮೂರನೆಯವಳ ಮುಂದೆಯೇ ಆಕಳಿಸಿದ.

"ಅಮ್ಮ ಎಲ್ಲೋ?" ಅಂದೆ.

"ಮಲಗಿದಾಳೆ. ಬೀಗ ಹಾಕಿದೀನಿ. ಯಾರೂ ಹೋಗ್ಬಾರದು."

"ಹೊರಗಿಂದ ಬೀಗ ಹಾಕಿ ಬಂದ್ಯಾ? ಎಪ್ಪತ್ತು ವರ್ಷದೋರನ್ನ ಒಳಗೆ ಕೂಡಿಹಾಕಿ? ಕೊಡು ಬೀಗದ ಕೈ!"

ಅವನು ಹೊಟ್ಟೆಯ ಕೆಳಗೆ ಪ್ಯಾಂಟಿನ ಮೇಲೆ ಕೈಯಿಟ್ಟು ತೋರಿಸಿದ. ಉಡುದಾರಕ್ಕೆ ಕಟ್ಟಿಕೊಂಡಿದ್ದ.

ಅಷ್ಟರಲ್ಲಿ ಅವನ ಅಣ್ಣ ಫಾರಂ ಇದ್ದ ಚೀಲ ಹಿಡಿದು ಬಂದೇಬಿಟ್ಟರು. ಮನೆಗೆ ಹೋಗಿ ಬೀಗ ನೋಡಿ ಇಬ್ಬರೂ ಇಲ್ಲೇ ಇರಬೇಕು ಅಂದುಕೊಂಡಿದ್ದರಂತೆ. ವಿಷಯ ತಿಳಿದು ಅವರ ಮುಖ ಕಪ್ಪಿಟ್ಟಿತು. "ಒಳಗೆ ಅಮ್ಮನಿಗೆ ಏನಾದ್ರೂ ಆಗಿದ್ರೆ? ಕೊಡೋ ಬೀಗದ ಕೈ!"

"ಕೊಡಲ್ಲ."

ಅವರು ಕೈ ಹಾಕಲು ಹೋದರೆ ಇವನು ನೆಲಕ್ಕೆ ಕೂತು ಮಂಡಿ ಅಪ್ಪಿಕೊಂಡ. "ನೀವೇ ಬಿಚ್ಕೊಳ್ಳಿ ಸಾರ್, ನಾವೆಲ್ಲ ಆ ಕಡೆ ತಿರುಕ್ಕೊಳ್ತೀವಿ" ಅಂದಳು ಜಯಮ್ಮ. ಗಾಬರಿಯಲ್ಲೂ ನಗು ತಡೆಯಲಾರದವಳು ಅವಳು. ಕೊನೆಗೆ ಅವನ ರಟ್ಟೆ ಹಿಡಿದುಕೊಂಡೇ ಮೂವರೂ ಅವರ ಮನೆಗೆ ಓಡಿದೆವು. ಪಕ್ಕದ ಓಣಿಯಲ್ಲಿ ಅಡುಗೆಮನೆಯ ಕಿಟಕಿ. ಸರಳಿನ ನಡುವೆ ಇಣುಕಿದೆವು.

ಆಕೆ ನೆಲದ ಮೇಲೆ ಕೈಕಾಲು ಚೆಲ್ಲಿ ಮಲಗಿದ್ದರು. ಬಾಯಿ ಒಂದಿಷ್ಟು ತೆರೆದಿತ್ತು, ಸೆರಗು ಏರಿಳಿಯುತ್ತಿತ್ತು. ನೀರು ಬಂದು ಹೋಗಿತ್ತು, ಹಾಲಿನವನು ಬಂದು ಹೋಗಿದ್ದ, ಒಂದೂ ಅವರಿಗೆ ಗೊತ್ತಿಲ್ಲ. ಅಣ್ಣ, "ಅಮ್..." ಅನ್ನುವಷ್ಟರಲ್ಲಿ ಇವನು ಅವರ ಅಂಗಿ ಹಿಡಿದು ಎಳೆದ. "ಶ್!"

ನಾನು ಅಣ್ಣನಿಗೆ ಡಾಕ್ಟರು ಹೇಳಿದ್ದನ್ನು, ಇಪ್ಪತ್ತು ಸಲದ ಲೆಕ್ಕವನ್ನು ಪಿಸುಮಾತಿನಲ್ಲಿ ಹೇಳಿದೆ. ಓಣಿ ಎಷ್ಟು ಇಕ್ಕಟ್ಟು ಅಂದರೆ ಮೂವರೂ ಗೋಡೆಗೆ ಬೆನ್ನು ಹಚ್ಚಿ, ಮೋರಿಯ ಈಚೆ ಆಚೆ ಕಾಲಿಟ್ಟು ನಿಲ್ಲಬೇಕು. ನನಗೆ ಮನೆಯಲ್ಲಿ ಕಲೆಸಿದ ಹಿಟ್ಟು ಒಣಗುತ್ತಿತ್ತು. ಎಬ್ಬಿಸಿದರೆ ಮುಗಿಯಿತು, ಒಂದು ಕೂಗಿನ ಕೆಲಸ, ಇವನು ಬಿಡಬೇಕಲ್ಲ! ಅಣ್ಣ ಗಡಿಯಾರ ನೋಡಿಕೊಂಡರು. ಕಿಟಕಿಯಲ್ಲಿ ನೋಡಿದರು. ಮತ್ತೆ ಗಡಿಯಾರ. ಹತ್ತೂವರೆಯಾದಾಗ ಬೂಟು ಕಳಚಿ ಪಕ್ಕದ ಮನೆಯ ಹಿತ್ತಿಲ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಬಸ್ಸು?" ಅಂದೆ.

"ನೀವು ಇಟ್ಟುಕೊಳ್ತೀರಾ?"

"ಬೈಕೊಂಡೇ ಇಟ್ಟುಕೊಳ್ತೀನಿ."

"ಹೋಗ್ಲಿ ಬಿಡಿ ಬಸ್ಸು" ಅಂದರು. ಆ ಬಸ್ಸನ್ನು ಅವರು ಮತ್ತೆ ಯಾವ ಶನಿವಾರವೂ ಹಿಡಿಯಲಿಲ್ಲ.

ಹನ್ನೊಂದೂವರೆಗೆ ತಾಯಿ ಎದ್ದರು. ಬಿಸಿಲು ಒಲೆಯವರೆಗೆ ಬಂದಿರುವುದನ್ನು ನೋಡಿ ಗಾಬರಿಯಾಗಿ, ಕಿಟಕಿಯಲ್ಲಿ ನಮ್ಮ ಮೂರು ಮುಖ ನೋಡಿ ಇನ್ನೂ ಗಾಬರಿಯಾಗಿ, ಕೆದರಿದ ಕೂದಲನ್ನು ತುರುಬು ಕಟ್ಟುತ್ತಾ ಅವನ ಮೇಲೆ ಹರಿಹಾಯ್ದರು.

"ಇಷ್ಟು ಹೊತ್ತಾಗಿದೆ! ಎಬ್ಬಿಸ್ಬಾರದೇನೋ ನನ್ನ?"

ಅವನು ಕಿಟಕಿಯ ಸರಳು ಹಿಡಿದು ಅವರನ್ನು ನೋಡಿದ.

"ನೀನು ನನ್ನ ಎಬ್ಬಿಸ್ತೀಯ," ಅಂದ. "ನಾನು ನಿನ್ನ ಎಬ್ಬಿಸಲ್ಲ."

ಆಮೇಲೆ ನಮಗೆಲ್ಲ ಬೆನ್ನು ತಿರುಗಿಸಿ ನಿಂತು, ಬಹಳ ಹೊತ್ತು ತಡಕಾಡಿ, ಉಡುದಾರದಿಂದ ಬೀಗದ ಕೈ ಬಿಚ್ಚಿದ.